ಮಹಶೀರ್: ತುಂಗೆ–ಭದ್ರೆಯ ನೀಲಿ ರೆಕ್ಕೆ, ಕಾವೇರಿಯ ಗೂನುಬೆನ್ನು

ಮಹಶೀರ್ ಎಂಬುದು ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ, ಟಾರ್ ಕುಲದ ಸಿಹಿನೀರಿನ ದೊಡ್ಡ ಮೀನುಗಳ ಸಮೂಹನಾಮ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ನದಿಗಳಲ್ಲಿ ಹರಡಿರುವ ಈ ಕುಲದಲ್ಲಿ 16 ಜಾತಿಗಳು ಮಾನ್ಯವೆಂದು 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಒಪ್ಪಿದೆ. ಅವುಗಳಲ್ಲಿ ಎರಡು ಜಾತಿಗಳ ಕಥೆ ಕರ್ನಾಟಕದಲ್ಲಿ ಒಂದಕ್ಕೊಂದು ಹೆಣೆದುಕೊಂಡಿದೆ. ಒಂದು, ಕೃಷ್ಣಾ ಕೊಳ್ಳದ ಟಾರ್ ಖುದ್ರಿ. ತುಂಗೆ, ಭದ್ರೆ, ಭೀಮೆಗಳಲ್ಲಿ ಬಾಳುವ ಇದನ್ನು ನೀಲಿ ರೆಕ್ಕೆಯ ಮಹಶೀರ್ ಅಥವಾ ದಖ್ಖನಿ ಮಹಶೀರ್ ಎನ್ನುತ್ತಾರೆ. ಇನ್ನೊಂದು, ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಟಾರ್ ರೆಮಾದೇವಿ, ಅಂದರೆ ಗೂನುಬೆನ್ನಿನ ಮಹಶೀರ್. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಮೊದಲನೆಯದು ಕನಿಷ್ಠ ಆತಂಕದ ಸಾಲಿನಲ್ಲಿದೆ, ಎರಡನೆಯದು ಗಂಭೀರ ಅಳಿವಿನಂಚಿನಲ್ಲಿದೆ. ಅದಕ್ಕಿಂತ ಮುಂದಿನ ಹಂತ ಕಾಡಿನಲ್ಲಿ, ನದಿಯಲ್ಲಿ ಕಣ್ಮರೆಯಾಗುವುದೇ.

ಕಾವೇರಿ ದಂಡೆಯವರು ಮಹಶೀರನ್ನು ಬಿಳಿಮೀನು ಎನ್ನುತ್ತಾರೆ. ಮಲೆನಾಡಿನ ದೇವಸ್ಥಾನಗಳ ಮಡುಗಳಲ್ಲಿ ಇದು ದೇವರ ಮೀನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದ್ದು, ಗಾಳದ ಮೀನುಬೇಟೆಯನ್ನೂ ಮೀನುಗಳಿಗೆ ಹಾಕುವ ಆಹಾರವನ್ನೂ ವಿವರಿಸುತ್ತದೆ. ಕನ್ನಡ ನೆಲದ ಅರಸರಿಗೂ ಪ್ರಜೆಗಳಿಗೂ ಹೊಳೆಯ ದೊಡ್ಡ ಮೀನುಗಳ ಪರಿಚಯ ಅಷ್ಟು ಹಳೆಯದು.

ಗುರುತು

ದಪ್ಪ ತುಟಿ, ಬಾಯಿಯ ಅಕ್ಕಪಕ್ಕ ಎರಡು ಜೊತೆ ಮೀಸೆ, ಮೈತುಂಬ ಅಗಲವಾದ ಹುರುಪೆ, ಹರಿವಿಗೆದುರಾಗಿ ನಿಲ್ಲಬಲ್ಲ ಗಟ್ಟಿ ಬಾಲ: ಇವು ಎರಡಕ್ಕೂ ಸಮಾನ. ವ್ಯತ್ಯಾಸ ಕಾಣುವುದು ಬೆನ್ನಿನ ಗೆರೆ ಮತ್ತು ಈಜುರೆಕ್ಕೆಗಳ ಬಣ್ಣದಲ್ಲಿ. ಖುದ್ರಿಯ ಬೆನ್ನು ಮೂತಿಯಿಂದ ಬೆನ್ನುರೆಕ್ಕೆಯವರೆಗೆ ಹದವಾಗಿ ಏರುತ್ತದೆ, ರೆಕ್ಕೆಗಳಿಗೆ ನೀಲಿ–ಬೂದು ಛಾಯೆ. ರೆಮಾದೇವಿಯಲ್ಲಿ ತಲೆ ಮುಗಿದಲ್ಲಿಂದ ಬೆನ್ನು ಒಮ್ಮೆಲೇ ಡುಬ್ಬವಾಗಿ ಎದ್ದು ಬೆನ್ನುರೆಕ್ಕೆಯ ಬುಡದಲ್ಲಿ ಎತ್ತರ ಮುಟ್ಟುತ್ತದೆ, ರೆಕ್ಕೆಗಳು ಮತ್ತು ಬಾಲ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ಮರಿಗಳಲ್ಲಿ ಈ ಡುಬ್ಬ ಎದ್ದು ಕಾಣುವುದಿಲ್ಲ. ಬೆಳೆದ ಮೀನನ್ನು ಕಂಡವರು ಯಾವುದು ಯಾವುದೆಂದು ಹೇಳಬಲ್ಲರು, ಬೆರಳುದ್ದದ ಮರಿಯನ್ನು ಮಾತ್ರ ಕಂಡವರಿಗೆ ಅದು ಸುಲಭವಲ್ಲ. ಗೂನುಬೆನ್ನಿನಂಥ ದೊಡ್ಡ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾಗುವುದು ತಡವಾಗಿದ್ದಕ್ಕೆ ಇದೂ ಒಂದು ಕಾರಣ.

ಗಾತ್ರದಲ್ಲಿ ಗೂನುಬೆನ್ನಿನ ಮೀನೇ ಮುಂದು. ಮಹಶೀರ್‌ಗಳ ಪೈಕಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮೀನಿನ ದಾಖಲೆ ಇರುವುದು ಕಾವೇರಿಯ ಉಪನದಿ ಕಬಿನಿಯಲ್ಲಿ. ಮೈಸೂರಿನ ಪ್ರಸಿದ್ಧ ಪ್ರಾಣಿಚರ್ಮ ಹದಗಾರರ ಮನೆತನದ ಡಿ ವೆಟ್ ವಾನ್ ಇಂಗೆನ್ 1946ರ ಮಾರ್ಚಿನಲ್ಲಿ ಹಿಡಿದ ಆ ಮೀನು 120 ಪೌಂಡ್, ಸುಮಾರು 54 ಕಿಲೋ ತೂಗಿತು.

ಹೆಸರಿನ ಹಾದಿ

ಉತ್ತರ ಭಾರತದ ಮಹಶೀರ್‌ಗಳನ್ನು ಮೊದಲು ವೈಜ್ಞಾನಿಕವಾಗಿ ವರ್ಣಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್, 1822ರ ತಮ್ಮ ಗಂಗಾ ಮೀನುಗಳ ಗ್ರಂಥದಲ್ಲಿ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಬರೆದ ಬುಕಾನನ್ ಇವರೇ. ದಖ್ಖನಿನ ಮಹಶೀರ್‌ಗೆ ಹೆಸರಿಟ್ಟವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಕರ್ನಲ್ ಸೈಕ್ಸ್. ಪುಣೆಯ ಬಳಿಯ ಮುಳಾ–ಮುಠಾ ನದಿಯ ಮೀನನ್ನು ನೋಡಿ 1839ರಲ್ಲಿ ಅವರು ಖುದ್ರಿ ಎಂಬ ಜಾತಿಯನ್ನು ದಾಖಲಿಸಿದರು. ಆ ನದಿ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುವುದರಿಂದ ಪುಣೆಯ ಮೀನಿಗೂ ತುಂಗಭದ್ರೆಯ ಮೀನಿಗೂ ಒಂದೇ ಜಲಸಂಸಾರದ ಸಂಬಂಧ.

ಕಾವೇರಿಯ ಗೂನುಬೆನ್ನಿನ ಮೀನಿಗೆ ಈ ಭಾಗ್ಯ ಸಿಗಲಿಲ್ಲ. ಮದ್ರಾಸ್ ಪ್ರಾಂತದ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಗಾಳದ ಬೇಟೆಯ ಪುಸ್ತಕದಲ್ಲಿ ದಕ್ಷಿಣದ ನದಿಗಳ ಮಹಶೀರನ್ನು ಲೋಕಕ್ಕೆ ಪರಿಚಯಿಸಿದರು. ಅಲ್ಲಿಂದಾಚೆ ಬೇಟೆಗಾರರ ನಡುವೆ ಇದರ ಖ್ಯಾತಿ ಬೆಳೆಯಿತು, ಹೆಸರು ಮಾತ್ರ ಗೊಂದಲದಲ್ಲೇ ಉಳಿಯಿತು. ಬಹುಕಾಲ ಇದನ್ನು ಮುಸ್ಸುಲ್ಲಾ ಎಂಬ ಹೆಸರಿನಿಂದ ಕರೆದರು. ಆ ಹೆಸರಿನ ಮೂಲ ಮೀನು ಮಹಶೀರೇ ಅಲ್ಲ, ಬೇರೆ ಕುಲದ ಗೆಂಡೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಈ ನಡುವೆ ಕೇರಳದ ಚಿನ್ನಾರ್ ಕಾಡಿನ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಹೊಸ ಜಾತಿಯೊಂದನ್ನು ವರ್ಣಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿ ಕೆ. ರೆಮಾದೇವಿ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದರು. ಪಾಂಬಾರ್ ಅಮರಾವತಿಗೂ, ಅಮರಾವತಿ ಕಾವೇರಿಗೂ ಸೇರುತ್ತದೆ. ಆ ಪುಟ್ಟ ಮೀನೂ ಕಾವೇರಿಯ ದೈತ್ಯನೂ ಒಂದೇ ಜಾತಿ ಎಂದು ದೇಹರಚನೆ ಮತ್ತು ಡಿಎನ್‌ಎ ಎರಡರ ಆಧಾರದಲ್ಲಿ ಭಾರತ–ಬ್ರಿಟನ್ ವಿಜ್ಞಾನಿಗಳ ತಂಡ ತೋರಿಸಿಕೊಟ್ಟಿದ್ದು 2018ರ ಜೂನ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಅದು ಕೆಂಪು ಪಟ್ಟಿಯ ಗಂಭೀರ ಸಾಲಿಗೆ ಸೇರಿತು. ಹೆಸರಿಲ್ಲದ ಮೀನನ್ನು ಯಾವ ಪಟ್ಟಿಗೂ ಸೇರಿಸಲು ಬರುವುದಿಲ್ಲ, ಯಾವ ಕಾನೂನಿನಿಂದಲೂ ಕಾಯಲು ಬರುವುದಿಲ್ಲ. ನೂರೈವತ್ತು ವರ್ಷ ಜಗತ್ತಿಗೆಲ್ಲ ಗೊತ್ತಿದ್ದ ಮೀನು ತಾನು ಅಳಿಯುತ್ತಿರುವ ಹೊತ್ತಿಗೆ ತನ್ನ ಹೆಸರು ಪಡೆಯಿತು.

ಬದುಕು

ಎರಡೂ ಜಾತಿಗಳು ಹರಿಯುವ, ತಿಳಿಯಾದ, ಆಮ್ಲಜನಕ ತುಂಬಿದ ನೀರನ್ನು ಬೇಡುತ್ತವೆ. ಆಹಾರದಲ್ಲಿ ಹಟವಿಲ್ಲ: ದಂಡೆಯ ಮರಗಳಿಂದ ಉದುರುವ ಹಣ್ಣು, ಎಲೆ, ಪಾಚಿ, ಹುಳು, ಏಡಿ, ಶಂಖದ ಹುಳು, ಚಿಕ್ಕ ಮೀನು ಎಲ್ಲವೂ ನಡೆಯುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆಳದ ಮಡುಗಳಲ್ಲಿ ಕೂಡುತ್ತವೆ. ಮಳೆ ಹಿಡಿದು ಹೊಳೆ ಏರಿದಾಗ ಮೇಲ್ಮುಖವಾಗಿ ಸಾಗಿ, ಜಲ್ಲಿಕಲ್ಲು ಹಾಸಿದ ಜಾಗದಲ್ಲಿ ಮೊಟ್ಟೆಯಿಡುತ್ತವೆ. ಕಾಟ್ಲಾ, ರೋಹು ಜಾತಿಯ ಮೊಟ್ಟೆಗಳು ಒಂದು ದಿನದೊಳಗೇ ಒಡೆದು ಮರಿಯಾಗುತ್ತವೆ. ಮಹಶೀರ್‌ನ ಮೊಟ್ಟೆಗೆ ಎರಡು ಮೂರು ದಿನವಾದರೂ ಬೇಕು, ಒಡೆದ ಮರಿಯೂ ಕೆಲವು ದಿನ ಕಲ್ಲಿನ ಸಂದಿಯಲ್ಲೇ ಮಲಗಿರುತ್ತದೆ. ಅಷ್ಟು ಹೊತ್ತು ಕಲ್ಲುಗಳ ನಡುವೆ ನೀರು ಆಡುತ್ತಿರಬೇಕು. ಹೂಳು ಕೂತರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಮರಳು, ಜಲ್ಲಿ ಎತ್ತಿ ಒಯ್ದರೆ ಮೊಟ್ಟೆಯಿಡಲು ಜಾಗವೇ ಇಲ್ಲ. ಬೆಳವಣಿಗೆಯೂ ನಿಧಾನ. ಒಮ್ಮೆ ಕುಸಿದ ಸಂತತಿ ಕಾಟ್ಲಾದಂತೆ ಎರಡು ಮೂರು ಮಳೆಗಾಲದಲ್ಲಿ ಚೇತರಿಸಿಕೊಳ್ಳುವುದಿಲ್ಲ.

ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೀರಿಗೆ ಮೀನು ಹತ್ತುವುದನ್ನು ಕಾದು ಹಿಡಿಯುವ ಹತ್ತುಮೀನು ಶಿಕಾರಿ ಹಳೆಯ ರೂಢಿ. ಮೊಟ್ಟೆ ತುಂಬಿದ ಮೀನು ಅದೇ ಹೊತ್ತಿಗೆ ಸಿಕ್ಕಿಬೀಳುತ್ತದೆ. ಹಿಂದೆ ಹೊಳೆಯಲ್ಲಿ ಮೀನು ಬೇಕಾದಷ್ಟಿದ್ದಾಗ ಇದು ಕೂಳಿ, ಬಲೆಗಳ ಮಟ್ಟದಲ್ಲಿ ನಡೆದು ಮುಗಿಯುತ್ತಿತ್ತು. ತೋಟೆ ಸಿಡಿಸುವುದು, ವಿಷ ಬೆರೆಸುವುದು, ವಿದ್ಯುತ್ ಹಾಯಿಸುವುದು ಬಂದ ಮೇಲೆ ಮಡುವಿನಲ್ಲಿದ್ದ ಮರಿ–ತಾಯಿ ಎಲ್ಲವೂ ಒಂದೇ ಏಟಿಗೆ ಹೋಗುವಂತಾಯಿತು.

ತುಂಗೆ ಮತ್ತು ಭದ್ರೆಯಲ್ಲಿ ಖುದ್ರಿ

ತುಂಗೆಯೂ ಭದ್ರೆಯೂ ಹುಟ್ಟುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಗಂಗಾಮೂಲದಲ್ಲಿ. ಅಲ್ಲಿಂದ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ಹಾದು ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಭದ್ರಾವತಿಯ ಮೂಲಕ ಹರಿದು ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಒಂದೇ ಬೆಟ್ಟದಲ್ಲಿ ಹುಟ್ಟಿ ಒಂದೇ ಊರಿನಲ್ಲಿ ಕೂಡುವ ಈ ಎರಡು ನದಿಗಳಲ್ಲಿ ಒಂದೇ ಜಾತಿಯ ಮೀನಿನ ಗತಿ ಬೇರೆ ಬೇರೆಯಾಗಿರುವುದನ್ನು ಗಮನಿಸಬೇಕು.

ತುಂಗೆಯಲ್ಲಿ ಮಹಶೀರ್‌ಗೆ ದೇವರ ಕಾವಲಿದೆ. ಶೃಂಗೇರಿಯ ಶಾರದಾ ದೇವಸ್ಥಾನದ ಮೆಟ್ಟಿಲ ಬಳಿ ಭಕ್ತರು ಹಾಕುವ ಮಂಡಕ್ಕಿಗೆ ಮುಗಿಬೀಳುವ ಮೀನುಗಳನ್ನು ನೋಡದೆ ಯಾತ್ರೆ ಮುಗಿಯುವುದಿಲ್ಲ. ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯೂ ಹೆಸರಾದ ಮತ್ಸ್ಯಧಾಮ. ಘಟ್ಟದ ಕೆಳಗೆ, ಪಶ್ಚಿಮಕ್ಕೆ ಹರಿಯುವ ಕಪಿಲಾ ಹೊಳೆಯಲ್ಲಿ ಶಿಶಿಲದ ಮತ್ಸ್ಯತೀರ್ಥವಿದೆ. ಅಲ್ಲಿ ತುಳುವರು ಪೆರುವೋಲು ಎನ್ನುವ ಮಹಶೀರ್‌ಗಳಿಗೆ ಅಂಥದೇ ರಕ್ಷಣೆ. ಸರ್ಕಾರದ ಮತ್ಸ್ಯಧಾಮಗಳು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಜನ ತಮ್ಮ ನಂಬಿಕೆಯಿಂದ ಮಾಡಿದ ಈ ಕೆಲಸಕ್ಕೆ ಸಮನಾದದ್ದು ವನ್ಯಜೀವಿ ಕಾಯ್ದೆಯಲ್ಲೂ ಸಿಗುವುದು ಕಷ್ಟ. ದಂಡೆಯ ಊರಿಗೆ ಊರೇ ಇಲ್ಲಿ ಕಾವಲುಗಾರ.

ಆದರೆ ಈ ಕಾವಲಿಗೆ ಎರಡು ಮಿತಿಗಳಿವೆ. ಮಡುವಿನಲ್ಲಿ ಕಿಕ್ಕಿರಿದ ಮೀನು ಒಂದೇ ದುಷ್ಕೃತ್ಯಕ್ಕೆ ಬಲಿಯಾಗಬಹುದು. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತು ತೇಲಿದವು. ಅವುಗಳ ನೆನಪಿಗೆ ಊರವರು ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಎರಡನೆಯ ಮಿತಿ ಇನ್ನೂ ದೊಡ್ಡದು. ಮೊಟ್ಟೆಯಿಡಲು ಮಳೆಗಾಲದಲ್ಲಿ ಮೀನು ಮಡು ಬಿಟ್ಟು ಹೊರಡಲೇಬೇಕು. ದೇವಸ್ಥಾನದ ಎಲ್ಲೆ ದಾಟಿದ ಕ್ಷಣದಿಂದ ಅದು ಮತ್ತೆ ಯಾರದೋ ಬಲೆಯ ಮೀನು. ಮಂಡಕ್ಕಿ ತಿಂದು ದಪ್ಪಗಾದ ಮೀನುಗಳ ಹಿಂಡು ನೋಡಿ ನದಿ ಚೆನ್ನಾಗಿದೆ ಎಂದು ತಿಳಿಯುವುದು ತಪ್ಪು. ನದಿಯ ಆರೋಗ್ಯವನ್ನು ಹೇಳುವುದು ಮೇಲಿನ ಹಳ್ಳಗಳ ಜಲ್ಲಿಯಲ್ಲಿ ಸಿಗುವ ಮರಿಗಳು.

ಭದ್ರೆಯ ಸ್ಥಿತಿ ಬೇರೆ. ನದಿಯ ನೆತ್ತಿಯಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ದಶಕಗಳ ಕಾಲ ನಡೆದು, ಮಳೆಗಾಲದಲ್ಲಿ ಕೆಂಪು ಹೂಳು ಹೊಳೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಿಂದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ನದಿಯ ನಡುವಿಗೆ ಲಕ್ಕವಳ್ಳಿ ಅಣೆಕಟ್ಟು ಬಂತು. 186 ಅಡಿ ನೀರು ನಿಲ್ಲಿಸುವ ಈ ಗೋಡೆ ದಾವಣಗೆರೆವರೆಗಿನ ಹೊಲಗಳಿಗೆ ಅನ್ನ ಕೊಟ್ಟಿದೆ. ಅದನ್ನು ಹತ್ತುವ ದಾರಿ ಮಾತ್ರ ಯಾವ ಮೀನಿಗೂ ಇಲ್ಲ. ಕೆಳಗಿನ ಭದ್ರೆಯ ಮಹಶೀರ್ ಮೇಲಿನ ಭದ್ರೆಯ ಮೊಟ್ಟೆಯ ತಾಣಗಳಿಂದ ಶಾಶ್ವತವಾಗಿ ಬೇರೆಯಾಯಿತು.

ಅಣೆಕಟ್ಟಿನ ಕೆಳಗೆ ಭದ್ರಾವತಿ. ಹಿಂದೆ ಬೆಂಕಿಪುರವಾಗಿದ್ದ ಈ ಊರಿನಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದ ಕಾಗದನಗರ ಹುಟ್ಟಿತು. ಬಿದಿರು, ಮರ ಬೇಯಿಸಿ ತಿರುಳು ತೆಗೆಯುವ ಕಾಗದ ಉದ್ಯಮಕ್ಕೆ ಅಪಾರ ನೀರು ಬೇಕು, ಬಳಸಿದ ನೀರು ಮರಳಿ ಸೇರುವುದೂ ನದಿಯನ್ನೇ. ಅಂಥ ನೀರಿನಲ್ಲಿ ಉಳಿದ ಸಾವಯವ ಕೊಳೆ ಕರಗುವಾಗ ಹೊಳೆಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದರ ಕೊರತೆಯನ್ನು ಮೊದಲು ತಾಳಲಾರದ ಮೀನುಗಳಲ್ಲಿ ಮಹಶೀರ್ ಒಂದು. ಕಾರ್ಖಾನೆಗೆ ದುಡಿದ ಸಾವಿರಾರು ಕುಟುಂಬಗಳ ಬದುಕು, ಕನ್ನಡದ ಪತ್ರಿಕೆ–ಪುಸ್ತಕಗಳಿಗೆ ಅದು ಕೊಟ್ಟ ಕಾಗದ, ಇವು ಸಣ್ಣ ಸಂಗತಿಗಳಲ್ಲ. 2015ರಲ್ಲಿ ಉತ್ಪಾದನೆ ನಿಂತಾಗ ಕಾಗದನಗರಕ್ಕೆ ಆದ ನಷ್ಟವೂ ಸಣ್ಣದಲ್ಲ. ಆ ಲೆಕ್ಕದ ಜೊತೆಗೇ ಹೊಳೆಯ ಲೆಕ್ಕವನ್ನೂ ಬರೆಯಬೇಕು ಎಂಬುದಷ್ಟೇ ಇಲ್ಲಿಯ ಮಾತು. ಇಂದು ಊರಿನ ಚರಂಡಿ ನೀರು, ಮರಳುಗಾರಿಕೆ, ಗದ್ದೆ–ತೋಟಗಳ ಔಷಧಿ ಆ ಭಾರವನ್ನು ಮುಂದುವರಿಸಿವೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಭದ್ರೆಯ ನೀರಿನ ಗುಣಮಟ್ಟವನ್ನೂ ಮೀನುಗಳನ್ನೂ ಒಟ್ಟಿಗೆ ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದ ಲೇಖನ ಐವತ್ತಕ್ಕೂ ಹೆಚ್ಚು ಜಾತಿಗಳನ್ನು ದಾಖಲಿಸಿದೆ. ಇಷ್ಟು ಭಾರ ಹೊತ್ತ ನದಿಯಲ್ಲಿ ಇನ್ನೂ ಅಷ್ಟು ಉಳಿದಿದೆ ಎಂಬುದು ಭರವಸೆಯ ಸಂಗತಿ. ಹತ್ತಿರದ ಬಿ.ಆರ್. ಪ್ರಾಜೆಕ್ಟಿನಲ್ಲಿ ರಾಜ್ಯದ ಪ್ರಮುಖ ಮೀನುಮರಿ ಉತ್ಪಾದನಾ ಕೇಂದ್ರವೂ ಇದೆ. ವಿದ್ಯೆ, ಕೊಳ, ಕೆಲಸ ಬಲ್ಲ ಕೈಗಳು ಎಲ್ಲವೂ ಭದ್ರೆಯ ದಂಡೆಯಲ್ಲೇ ಇವೆ.

ಕಾವೇರಿಗೆ ಹೋದ ಮರಿಗಳು

ಎರಡು ಜಾತಿಗಳ ಕಥೆ ಕೂಡುವುದು ಇಲ್ಲಿ. ಜಲವಿದ್ಯುತ್ತಿಗಾಗಿ ಲೋನಾವಳ ಸುತ್ತ ಕೆರೆ ಕಟ್ಟಿದ್ದ ಟಾಟಾ ವಿದ್ಯುತ್ ಕಂಪನಿ 1970ರ ದಶಕದಲ್ಲಿ ವಾಲ್ವಣದಲ್ಲಿ ಮಹಶೀರ್ ಮರಿ ಕೇಂದ್ರ ಆರಂಭಿಸಿತು. ಮೀನು ವಿಜ್ಞಾನಿ ಸಿ.ವಿ. ಕುಲಕರ್ಣಿ ಅವರ ಮಾರ್ಗದರ್ಶನದಲ್ಲಿ, ಪ್ರೌಢ ಮೀನುಗಳ ಮೊಟ್ಟೆ ಮತ್ತು ವೀರ್ಯವನ್ನು ಹಿಂಡಿ ಬೆರೆಸಿ ಮರಿ ಮಾಡುವ ವಿಧಾನ ಅಲ್ಲಿ ಪಕ್ಕಾ ಆಯಿತು. ಆಗ ಮಹಶೀರ್ ಎಲ್ಲೆಡೆ ಕಡಿಮೆಯಾಗುತ್ತಿತ್ತು, ಮರಿ ಮಾಡಿ ನದಿಗೆ ಬಿಡುವುದೇ ಪರಿಹಾರವೆಂದು ಎಲ್ಲರೂ ನಂಬಿದ್ದರು. ಮರಿಗಳು ಹಲವು ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಮುಂದೆ ಕೊಡಗಿನ ಹಾರಂಗಿಯಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯೂ ಮಹಶೀರ್ ಮರಿ ಕೇಂದ್ರ ತೆರೆಯಿತು. ಹೀಗೆ ಬಂದದ್ದು ಖುದ್ರಿ. ಕೃಷ್ಣೆಯ ಮೀನು ಕಾವೇರಿಯಲ್ಲಿ ನೆಲೆಯೂರಿತು.

ಫಲಿತಾಂಶ ತಿಳಿದದ್ದು ಗಾಳದವರ ದಿನಚರಿಯಿಂದ. ಕಾವೇರಿ ವನ್ಯಧಾಮದ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಮೀನುಬೇಟೆಯ ಬಿಡಾರಗಳನ್ನು ನಡೆಸುತ್ತಿತ್ತು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿಯ ನಿಯಮ. 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮೀನು ಗಾಳಕ್ಕೆ ಸಿಗುವುದು ಏರುತ್ತಾ ಹೋಗಿತ್ತು, ಗೂನುಬೆನ್ನಿನದು ಕುಸಿದಿತ್ತು. ಸಿಗುತ್ತಿದ್ದ ಗೂನುಬೆನ್ನಿನ ಮೀನುಗಳ ಸರಾಸರಿ ತೂಕ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಮೇಲ್ನೋಟಕ್ಕೆ ಇದು ಒಳ್ಳೆಯ ಸುದ್ದಿ, ನಿಜವಾಗಿ ಅತ್ಯಂತ ಕೆಟ್ಟದ್ದು: ಮುದಿ ಮೀನುಗಳಷ್ಟೇ ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ.

ಖುದ್ರಿಯೊಂದೇ ಕಾರಣವಲ್ಲ. ಕೃಷ್ಣರಾಜಸಾಗರ, ಮೆಟ್ಟೂರು, ಕಬಿನಿ ಅಣೆಕಟ್ಟುಗಳು ಹೊಳೆಯನ್ನು ತುಂಡು ಮಾಡಿವೆ, ಮರಳು ಹೋಗಿದೆ, ತೋಟೆಯ ಹಾವಳಿ ನಿಂತಿಲ್ಲ. ಆದರೆ ಅದೇ ಆಹಾರ, ಅದೇ ಜಲ್ಲಿಯ ತಾಣಕ್ಕೆ ಪೈಪೋಟಿ ನಡೆಸುವ ಹತ್ತಿರದ ಬಂಧುವನ್ನು ಲಕ್ಷಗಟ್ಟಲೆ ಮರಿಗಳಾಗಿ ತಂದು ಬಿಟ್ಟದ್ದು, ಆಗಲೇ ದಣಿದಿದ್ದ ಸ್ಥಳೀಯ ಮೀನಿನ ಮೇಲೆ ಹೊರಿಸಿದ ಹೊರೆ. ಎರಡೂ ಬೆರೆತು ಸಂಕರವಾಗುವ ಅಪಾಯವೂ ಇದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಎಂಬ ಮಾತು ನದಿಯಲ್ಲಿ ಆದದ್ದನ್ನು ಬದಲಿಸುವುದಿಲ್ಲ.

2010ರ ಬಳಿಕ ಸಂರಕ್ಷಿತ ಅರಣ್ಯದೊಳಗೆ ಗಾಳ ಹಾಕುವುದೂ ವನ್ಯಜೀವಿ ಕಾಯ್ದೆಗೆ ವಿರುದ್ಧವೆಂಬ ವ್ಯಾಖ್ಯಾನ ಬಂದು ಬೇಟೆಯ ಬಿಡಾರಗಳು ಆ ಕೆಲಸ ನಿಲ್ಲಿಸಿದವು. ಕಾನೂನಿನ ಉದ್ದೇಶ ಸರಿಯೇ ಇರಬಹುದು. ಆದರೆ ಮೊದಲು ತೋಟೆ ಹಾಕುತ್ತಿದ್ದ ಕೆಲವರೇ ಅಲ್ಲಿ ಕಾವಲುಗಾರರಾಗಿ, ಗಾಳದವರ ಸಹಾಯಕರಾಗಿ ಸಂಬಳ ಪಡೆಯುತ್ತಿದ್ದರು. ಆ ಕಣ್ಣುಗಳೂ ಹೊಳೆಯಿಂದ ದೂರವಾದವು, ವರ್ಷ ವರ್ಷದ ಲೆಕ್ಕವೂ ನಿಂತಿತು. ಇಂದು ಗೂನುಬೆನ್ನಿನ ಮೀನು ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್, ಪಾಂಬಾರ್‌ನಂಥ ಕೆಲವು ಹೊಳೆಗಳಲ್ಲಿ ಮತ್ತು ಕಾವೇರಿಯ ಕೆಲ ಭಾಗದಲ್ಲಿ ಮಾತ್ರ ಉಳಿದಿದೆ.

ಪಟ್ಟಿಯನ್ನು ಓದುವ ಬಗೆ

ಕಳೆದ ದಶಕದ ಆರಂಭದಲ್ಲಿ ಖುದ್ರಿಯೂ ಅಳಿವಿನಂಚಿನ ಸಾಲಿನಲ್ಲಿತ್ತು. ಮರುಪರಿಶೀಲನೆಯಲ್ಲಿ ಅದು ಕನಿಷ್ಠ ಆತಂಕಕ್ಕೆ ಇಳಿಯಿತು. ಇದಕ್ಕೆ ಅದರ ವಿಶಾಲ ಹರಡಿಕೆ ಆಧಾರ. ಕೆಂಪು ಪಟ್ಟಿ ಒಟ್ಟು ಜಾತಿಯನ್ನು ಅಳೆಯುತ್ತದೆ, ಒಂದೊಂದು ಹೊಳೆಯನ್ನಲ್ಲ. ಭದ್ರಾವತಿಯ ಕೆಳಗಿನ ಭದ್ರೆಯಲ್ಲಿ ಖುದ್ರಿ ಪೂರ್ತಿ ಇಲ್ಲವಾದರೂ ಪಟ್ಟಿಯಲ್ಲಿ ಅದರ ಸ್ಥಾನ ಕದಲುವುದಿಲ್ಲ. ಇನ್ನೊಂದು ವೈಚಿತ್ರ್ಯವೂ ಇದೆ. ಸಾಕಣೆ ಕೇಂದ್ರದಿಂದ ಅನ್ಯ ನದಿಗಳಿಗೆ ಹಂಚಿಹೋದ ಖುದ್ರಿಯ ಸಂಖ್ಯೆ ತುಂಬಿ ತುಳುಕಿದರೂ ಅದು ಹುಟ್ಟಿದ ಕೃಷ್ಣಾ ಕೊಳ್ಳದ ಸಂತತಿಗೆ ಅದರಿಂದ ಏನೂ ಲಾಭವಿಲ್ಲ. ತುಂಗೆ, ಭದ್ರೆಗಳ ಖುದ್ರಿ ಮೂಲ ನೆಲೆಯ ಮೀನು. ಕಾವೇರಿಯ ಖುದ್ರಿ ಹೊರಗಿನದು. ಒಂದನ್ನು ಕಾಯಬೇಕು, ಇನ್ನೊಂದನ್ನು ಇನ್ನಷ್ಟು ಬಿಡದಂತೆ ನೋಡಬೇಕು. ಜಾತಿ ಒಂದೇ ಆದರೂ ನದಿ ಬದಲಾದಂತೆ ನೀತಿ ಬದಲಾಗಬೇಕು.

ರೆಮಾದೇವಿಗೆ ಬೇಕಾದದ್ದು ತುರ್ತು: ಉಳಿದ ಹೊಳೆಗಳಲ್ಲಿ ತೋಟೆ–ವಿಷಕ್ಕೆ ಪೂರ್ತಿ ತಡೆ, ಬೇಸಿಗೆಯಲ್ಲೂ ಹರಿವು, ಮೂಲ ತಳಿಯನ್ನೇ ಬೆಳೆಸುವ ಸಾಕಣೆ. ತುಂಗೆ–ಭದ್ರೆಯ ಖುದ್ರಿಗೆ ಬೇಕಾದದ್ದು ಇಷ್ಟು ದುಬಾರಿಯದಲ್ಲ. ಶೃಂಗೇರಿ, ಚಿಪ್ಪಲಗುಡ್ಡೆಯ ಕಾವಲನ್ನು ಮಳೆಗಾಲದ ಎರಡು ಮೂರು ತಿಂಗಳಾದರೂ ಮೇಲಿನ ಹಳ್ಳಗಳವರೆಗೆ ಚಾಚಬೇಕು. ಭದ್ರಾವತಿ, ಶಿವಮೊಗ್ಗಗಳ ಚರಂಡಿ ನೀರು ಶುದ್ಧವಾಗದೆ ಹೊಳೆ ಸೇರಬಾರದು. ಮೀನುಮರಿ ಬಿಡುವ ಸಮಾರಂಭ ನಡೆಸುವ ಪಂಚಾಯಿತಿ, ಸಂಘ, ಇಲಾಖೆ ಯಾವುದೇ ಇರಲಿ, ಬುಟ್ಟಿಯಲ್ಲಿರುವ ಮರಿ ಯಾವ ನದಿಯದು ಎಂದು ಮೊದಲು ಕೇಳಬೇಕು. ಉತ್ತರ ಸಿಗದಿದ್ದರೆ ಆ ಮರಿಯನ್ನು ಹೊಳೆಗೆ ಬಿಡಬಾರದು.